ರಾತ್ರಿ 2 ಗಂಟೆಗೆ ಹೊಟ್ಟೆನೋವು, ಬಿಸ್ಕೆಟ್ ತಿಂದರೆ ಇಳಿಯುತ್ತದೆ. ಇದು ಬರೀ ಗ್ಯಾಸ್ಟ್ರಿಕ್ಕಾ?

ವಿಜಯನಗರ_ಗೃಹಿಣಿ · ಭಾನುವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯವರ ವಿಷಯ ಕೇಳಬೇಕಿತ್ತು. ವಯಸ್ಸು 43. ಬಾಡಿಗೆ ಕಾರು ಓಡಿಸುತ್ತಾರೆ. ಜಾಸ್ತಿ ಟ್ರಿಪ್ ದೇವನಹಳ್ಳಿ ಏರ್‌ಪೋರ್ಟಿಗೆ. ಊಟಕ್ಕೆ ಹೊತ್ತು ಗೊತ್ತು ಇಲ್ಲ.

ಎರಡು ವರ್ಷದಿಂದ ಹೊಟ್ಟೆನೋವು. ಹೊಕ್ಕುಳಕ್ಕಿಂತ ಮೇಲೆ, ಎದೆಗೂಡಿನ ಕೆಳಗೆ, ಒಂದೇ ಜಾಗ. ಒಂದು ಬೆರಳಿಟ್ಟು ತೋರಿಸುತ್ತಾರೆ. ಹಸಿದಾಗ ಒಳಗೆ ಕೊರೆದ ಹಾಗೆ ಆಗುತ್ತದಂತೆ. ರಾತ್ರಿ 9ಕ್ಕೆ ಊಟ ಮಾಡಿ ಮಲಗಿದರೆ 2 ಗಂಟೆ ಸುಮಾರಿಗೆ ಎದ್ದು ಕೂರುತ್ತಾರೆ. ನನಗೆ ಎಚ್ಚರ ಆಗಬಾರದು ಎಂದು ಲೈಟ್ ಹಾಕುವುದಿಲ್ಲ. ಕತ್ತಲೆಯಲ್ಲೇ ಡಬ್ಬ ತಡಕಿ ನಾಲ್ಕು ಬಿಸ್ಕೆಟ್ ತಿಂದು, ಅರ್ಧ ಲೋಟ ಹಾಲು ಕುಡಿಯುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ನೋವು ಇಳಿಯುತ್ತದೆ. ಒಂದು ತಿಂಗಳು ಹೀಗೆ. ಆಮೇಲೆ ಎರಡು ಮೂರು ತಿಂಗಳು ಏನೂ ಇರುವುದಿಲ್ಲ. ಮತ್ತೆ ಶುರು.

ಕೇಳಿದರೆ "ಗ್ಯಾಸ್ಟ್ರಿಕ್ ಕಣೇ, ಯಾರಿಗಿಲ್ಲ ಹೇಳು" ಅಂತಾರೆ. ಮೆಡಿಕಲ್ ಶಾಪಿನಿಂದ ಪ್ಯಾಂಟೊಪ್ರಜೋಲ್ (ಆಮ್ಲ ಇಳಿಸುವ ಮಾತ್ರೆ) ತಂದು ಬೇಕೆನಿಸಿದಾಗ ನುಂಗುತ್ತಾರೆ. ಡಾಕ್ಟರ ಹತ್ತಿರ ಬನ್ನಿ ಎಂದರೆ ಬರುವುದಿಲ್ಲ. ಇದಕ್ಕೆ ಎಂಡೋಸ್ಕೋಪಿ ಮಾಡಿಸಲೇಬೇಕಾ? ಯಾರಾದರೂ ಅನುಭವ ಇದ್ದವರು ಹೇಳಿ.

ಚಾಮರಾಜಪೇಟೆ_ಹುಡುಗ · ರಾತ್ರಿ 10:58

ಡ್ರೈವರ್ ಕೆಲಸ ಅಂದ್ರೆ ಹೀಗೇ ಅಕ್ಕ. ಹೊತ್ತಿಗೆ ಸರಿಯಾಗಿ ಊಟ ಮಾಡಿದರೆ ಸರಿಹೋಗುತ್ತೆ. ಖಾರ, ಕಾಫಿ ಬಿಡಿಸಿ.

ರಾಗಿಗಂಜಿ · ರಾತ್ರಿ 11:05

ಇಂಗ್ಲಿಷ್ ಮಾತ್ರೆ ಬೇಡವೇ ಬೇಡ ತಾಯಿ. ಬೆಳಗ್ಗೆ ಎದ್ದ ತಕ್ಷಣ ರಾಗಿ ಅಂಬಲಿ, ಮಧ್ಯಾಹ್ನ ನೀರು ಮಜ್ಜಿಗೆ, ರಾತ್ರಿ ಜೀರಿಗೆ ಕಷಾಯ. 48 ದಿನ ಮಾಡಿಸಿ ನೋಡಿ. ನಮ್ಮಣ್ಣನಿಗೆ ಇದರಲ್ಲೇ ವಾಸಿ ಆಯಿತು.

ಎಂಡೋಸ್ಕೋಪಿ_ಸಿಸ್ಟರ್ · ರಾತ್ರಿ 11:21

ಅಕ್ಕ, ನಾನು 14 ವರ್ಷದಿಂದ ಎಂಡೋಸ್ಕೋಪಿ ರೂಮಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನೀವು ಬರೆದಿರುವ ನೋವು ಡುಯೋಡಿನಲ್ ಅಲ್ಸರ್ ನೋವಿನ ಹಾಗೇ ಇದೆ. ಜಠರ ಮುಗಿದು ಸಣ್ಣ ಕರುಳು ಶುರುವಾಗುವ ಜಾಗದಲ್ಲಿ ಆಗುವ ಹುಣ್ಣು ಅದು. ಊಟ ಆಗಿ ಮೂರು ನಾಲ್ಕು ಗಂಟೆಗೆ ನೋವು, ನಡುರಾತ್ರಿ ಎಬ್ಬಿಸುವ ನೋವು, ಏನಾದರೂ ತಿಂದರೆ ಕಡಿಮೆ, ಕೆಲವು ವಾರ ಇದ್ದು ಕೆಲವು ತಿಂಗಳು ಮಾಯ. ಇಷ್ಟೂ ನಿಮ್ಮ ಮಾತಿನಲ್ಲೇ ಇದೆ.

ಎರಡು ಪ್ರಶ್ನೆ. ತೂಕ ಇಳಿದಿದೆಯಾ? ಟಾಯ್ಲೆಟ್‌ಗೆ ಯಾವತ್ತಾದರೂ ಕಪ್ಪಗೆ ಹೋಗಿದೆಯಾ?

ಜಯನಗರ_ವೈದ್ಯ · ರಾತ್ರಿ 11:40

ಸಿಸ್ಟರ್ ಹೇಳಿದ್ದು ಸರಿ. ಆದರೆ ಒಂದು ಮಾತು ಸೇರಿಸುತ್ತೇನೆ. ತಿಂದರೆ ಇಳಿಯುವ ನೋವು ಡುಯೋಡಿನಲ್, ತಿಂದರೆ ಏರುವ ನೋವು ಗ್ಯಾಸ್ಟ್ರಿಕ್ ಅಲ್ಸರ್ ಎಂದು ನಾವೂ ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು. ಒಳಗೆ ನೋಡಿದರೆ ಎಷ್ಟೋ ಸಲ ಉಲ್ಟಾ ಇರುತ್ತದೆ. ಇಂಥದೇ ನೋವು ಇದ್ದು ಹುಣ್ಣೇ ಇಲ್ಲದವರೂ ಇದ್ದಾರೆ. ಹುಣ್ಣಿದ್ದು ನೋವೇ ಇಲ್ಲದವರೂ ಇದ್ದಾರೆ. ನೋವಿನ ಹೊತ್ತು ನೋಡಿ ಅನುಮಾನ ಪಡಬಹುದು, ತೀರ್ಮಾನ ಮಾಡಬಾರದು.

ಮತ್ತೆ ಈ "ಗ್ಯಾಸ್ಟ್ರಿಕ್" ಎನ್ನುವ ಪದ. ನಮ್ಮೂರಲ್ಲಿ ಎದೆಯುರಿಗೂ ಗ್ಯಾಸ್ಟ್ರಿಕ್, ಹುಳಿತೇಗಿಗೂ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಕ್ಕೂ ಗ್ಯಾಸ್ಟ್ರಿಕ್, ಪಿತ್ತಕೋಶದ ಕಲ್ಲಿಗೂ ಗ್ಯಾಸ್ಟ್ರಿಕ್. ಹಾರ್ಟ್ ಅಟ್ಯಾಕಿಗೂ ಅದೇ ಹೆಸರು! ರೋಗಿ ಬಂದು "ಗ್ಯಾಸ್ಟ್ರಿಕ್ ಸರ್" ಎಂದರೆ ನಾನು ಆ ಪದ ಬಿಟ್ಟು ಹೇಳಿ ಅಂತೀನಿ. ಎಲ್ಲಿ, ಯಾವಾಗ, ಎಷ್ಟು ಹೊತ್ತು, ತಿಂದರೆ ಏನಾಗುತ್ತದೆ, ಮಲಗಿದರೆ ಏನಾಗುತ್ತದೆ. ಇಷ್ಟು ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ರಾಜಾಜಿನಗರ_72 · ರಾತ್ರಿ 11:52

ಡಾಕ್ಟರ್ ಮಾತು ನೂರಕ್ಕೆ ನೂರು ನಿಜ. ನಮ್ಮ ಭಾವನಿಗೆ 51. ಬೆಳಗಿನ ಜಾವ ಎದೆ ಹತ್ತಿರ ಹಿಡಿದ ಹಾಗಾಯಿತು. ಗ್ಯಾಸ್ ಎಂದು ಸೋಡಾಕ್ಕೆ ನಿಂಬೆಹಣ್ಣು ಉಪ್ಪು ಹಾಕಿ ಕುಡಿದರು. ತೇಗು ಬಂತು, ಹಗುರ ಆಯಿತು ಎಂದು ಮಲಗಿದರು. ಆದರೆ ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಅಕ್ಕ ಅದನ್ನು ನೋಡಿ ಹಠ ಹಿಡಿದು ಜಯದೇವಕ್ಕೆ ಕರೆದುಕೊಂಡು ಹೋದರು. ಇಸಿಜಿಯಲ್ಲೇ ಗೊತ್ತಾಯಿತು. ಅವತ್ತೇ ಸ್ಟೆಂಟ್ ಹಾಕಿದರು. ತೇಗು ಬಂದ ತಕ್ಷಣ ಗ್ಯಾಸ್ ಎಂದುಕೊಳ್ಳಬೇಡಿ.

ಜಯನಗರ_ವೈದ್ಯ · ರಾತ್ರಿ 11:58

ಬೆವರು, ಎಡತೋಳು ಅಥವಾ ದವಡೆಗೆ ಹರಡುವ ನೋವು, ಮೆಟ್ಟಿಲು ಹತ್ತಿದರೆ ಜಾಸ್ತಿ ಆಗುವುದು. ಇಂಥದ್ದಿದ್ದರೆ ಮೊದಲು ಇಸಿಜಿ. ಸಕ್ಕರೆ ಕಾಯಿಲೆ ಇರುವವರಿಗೆ ನೋವು ಇಲ್ಲದೆಯೂ ಹಾರ್ಟ್ ಅಟ್ಯಾಕ್ ಬರಬಹುದು.

ವಿಜಯನಗರ_ಗೃಹಿಣಿ · ಸೋಮವಾರ ಬೆಳಗ್ಗೆ 7:15

ಇಷ್ಟು ಜನ ಉತ್ತರ ಕೊಟ್ಟಿದ್ದೀರಿ, ತುಂಬಾ ಧನ್ಯವಾದ. ತೂಕ ಇಳಿದಿಲ್ಲ, ರಾತ್ರಿ ತಿಂದು ತಿಂದು ಎರಡು ಕೆ.ಜಿ. ಏರಿದೆ. ಕಪ್ಪಗೆ ಹೋಗಿದೆಯಾ ಎಂದರೆ "ಅದನ್ನೆಲ್ಲ ಯಾರು ನೋಡ್ತಾರೆ" ಅಂದರು. ಬೆವರು ಇಲ್ಲ. ಮೆಟ್ಟಿಲು ಆರಾಮಾಗಿ ಹತ್ತುತ್ತಾರೆ.

ಮೆಡಿಕಲ್_ಶಾಪ್_ಮಲ್ಲೇಶ್ವರ · ಬೆಳಗ್ಗೆ 8:02

ಮೇಡಂ, ನೋವಿನ ಮಾತ್ರೆ ಏನಾದರೂ ತಗೊಳ್ತಾರಾ? ಡ್ರೈವರ್‌ಗಳಿಗೆ ಸೊಂಟನೋವು ಇದ್ದೇ ಇರುತ್ತೆ. ಕೌಂಟರ್ ಹಿಂದೆ ನಿಂತು ದಿನಾ ನೋಡುತ್ತೇನೆ. ಒಂದೇ ಕೈಯಲ್ಲಿ ಡೈಕ್ಲೋಫೆನಾಕ್ ಕೇಳುತ್ತಾರೆ, ಇನ್ನೊಂದು ಕೈಯಲ್ಲಿ ಗ್ಯಾಸ್ ಮಾತ್ರೆ ಕೇಳುತ್ತಾರೆ. ಎರಡಕ್ಕೂ ಸಂಬಂಧ ಇದೆ ಎಂದು ಹೇಳಿದರೆ ಆಶ್ಚರ್ಯ ಪಡುತ್ತಾರೆ.

ವಿಜಯನಗರ_ಗೃಹಿಣಿ · ಬೆಳಗ್ಗೆ 8:40

ಸರ್, ನಿಮ್ಮ ಮೆಸೇಜ್ ಓದಿ ಕಾರಿನ ಡ್ಯಾಶ್‌ಬೋರ್ಡ್ ಬಾಕ್ಸ್ ತೆಗೆದು ನೋಡಿದೆ. ಮೂರು ಪಟ್ಟಿ ಡೈಕ್ಲೋಫೆನಾಕ್. ಒಂದರಲ್ಲಿ ಎರಡೇ ಮಾತ್ರೆ ಉಳಿದಿದೆ. ನನಗೆ ಗೊತ್ತೇ ಇರಲಿಲ್ಲ. ವಾರಕ್ಕೆ ನಾಲ್ಕೈದು ತಗೊಳ್ತಾರಂತೆ, ಅದೂ ಬರೀ ಟೀ ಜೊತೆ.

ಮೆಡಿಕಲ್_ಶಾಪ್_ಮಲ್ಲೇಶ್ವರ · ಬೆಳಗ್ಗೆ 8:55

ಅದನ್ನು ಇವತ್ತೇ ನಿಲ್ಲಿಸಿ ಮೇಡಂ. ಡೈಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಆಸ್ಪಿರಿನ್, ಎಲ್ಲವೂ ಒಂದೇ ಕುಟುಂಬ. ಹೊಟ್ಟೆ ಕರುಳಿನ ಒಳಪದರವನ್ನು ಆಮ್ಲದಿಂದ ಕಾಯುವ ಲೋಳೆ ಇದೆಯಲ್ಲ, ಅದು ಕಡಿಮೆ ಆಗುತ್ತೆ. ಊಟ ಆದಮೇಲೆ ತಗೊಂಡ್ರೆ ಏನೂ ಆಗಲ್ಲ ಎನ್ನುವುದೂ ತಪ್ಪು. ಮಾತ್ರೆ ರಕ್ತಕ್ಕೆ ಸೇರಿ ಅಲ್ಲಿಂದಲೂ ಕೆಲಸ ಮಾಡುತ್ತೆ. ಇಂಜೆಕ್ಷನ್ ತಗೊಂಡರೂ ಅಷ್ಟೇ. ಸೊಂಟಕ್ಕೆ ಸದ್ಯಕ್ಕೆ ಪ್ಯಾರಾಸಿಟಮಾಲ್ ಸಾಕು, ಡಾಕ್ಟರನ್ನು ಕೇಳಿ. ಆದರೆ ಹೃದಯಕ್ಕೆಂದು ಡಾಕ್ಟರ್ ಬರೆದ ಆಸ್ಪಿರಿನ್ ಇದ್ದವರು ಇದನ್ನು ಓದಿ ತಾವಾಗೇ ನಿಲ್ಲಿಸಬೇಡಿ!

ಹನುಮಂತನಗರ_ಸೊಸೆ · ಬೆಳಗ್ಗೆ 9:30

ಇದನ್ನು ಓದಿ ಸುಮ್ನೆ ಇರಲಾಗಲಿಲ್ಲ. ನಮ್ಮತ್ತೆಗೆ ಆಗ 68. ಮಂಡಿನೋವಿಗೆ ದಿನಾ ಮಾತ್ರೆ, ಜೊತೆಗೆ ಹೃದಯದ ಆಸ್ಪಿರಿನ್. ಹೊಟ್ಟೆನೋವು ಅಂತ ಒಂದು ದಿನವೂ ಅಂದವರಲ್ಲ. ಸುಸ್ತು ಅನ್ನುತ್ತಿದ್ದರು. ರಂಗೋಲಿ ಹಾಕಿ ಏಳುವಾಗ ಗೋಡೆ ಹಿಡಿಯುತ್ತಿದ್ದರು. ಹತ್ತಿರದ ಡಾಕ್ಟರೊಬ್ಬರು ರಕ್ತ ಕಮ್ಮಿ ಎಂದು ಕಬ್ಬಿಣದ ಮಾತ್ರೆ ಕೊಟ್ಟರು, ಯಾಕೆ ಕಮ್ಮಿ ಎಂದು ನೋಡಲಿಲ್ಲ. ಟಾಯ್ಲೆಟ್‌ಗೆ ಕಪ್ಪಗೆ ಹೋಗುತ್ತಿದೆ ಎಂದಾಗ ನಾವೇ "ಕಬ್ಬಿಣದ ಮಾತ್ರೆಗೆ ಹಾಗಾಗುತ್ತೆ ಅತ್ತೆ" ಎಂದೆವು.

ಒಂದು ಬೆಳಗ್ಗೆ ಬಾತ್‌ರೂಮಿನಲ್ಲೇ ಕುಸಿದರು. ನಾನೇ ತೊಳೆದೆ. ಡಾಂಬರಿನ ಹಾಗೆ ಅಂಟು. ನೀರು ಸುರಿದರೂ ಜಾರುತ್ತಿರಲಿಲ್ಲ. ಆ ವಾಸನೆ ಇವತ್ತಿಗೂ ಮರೆತಿಲ್ಲ. ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ 5.8. ನಾಲ್ಕು ಬಾಟಲಿ ರಕ್ತ. ಎಂಡೋಸ್ಕೋಪಿಯಲ್ಲಿ ಡುಯೋಡಿನಮ್‌ನಲ್ಲಿ ಹುಣ್ಣು, ಅಲ್ಲೇ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿದರು. ಈಗ 74, ಚೆನ್ನಾಗಿದ್ದಾರೆ. ಅವತ್ತು ಆ ಮಾತು ಹೇಳಬಾರದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಎಂಡೋಸ್ಕೋಪಿ_ಸಿಸ್ಟರ್ · ಬೆಳಗ್ಗೆ 10:05

ನಿಮ್ಮ ತಪ್ಪಲ್ಲ ಅಕ್ಕ. ಕಬ್ಬಿಣದ ಮಾತ್ರೆಯಿಂದ ಕಪ್ಪಾಗುವುದು ನಿಜ. ಆದರೆ ಅದು ಹಸಿರು ಕಲೆತ ಕಪ್ಪು, ಸಾಮಾನ್ಯವಾಗಿ ಗಟ್ಟಿ. ರಕ್ತ ಸೇರಿದ್ದರೆ ಡಾಂಬರಿನ ಹಾಗೆ ಹೊಳಪು, ಅಂಟು, ಕೆಟ್ಟ ವಾಸನೆ. ಅನುಮಾನ ಬಂದರೆ ಮನೆಯಲ್ಲಿ ತೀರ್ಮಾನ ಬೇಡ. ವಯಸ್ಸಾದವರಿಗೆ ಎಷ್ಟೋ ಸಲ ಹುಣ್ಣಿನ ಮೊದಲ ಸುಳಿವೇ ರಕ್ತಸ್ರಾವ.

ಕೋರಮಂಗಲ_ಟೆಕ್ಕಿ · ಬೆಳಗ್ಗೆ 10:20

ಎಲ್ಲರೂ ಸ್ಟ್ರೆಸ್ ಮರೆತಿದ್ದೀರಿ. ನನಗೆ ರಿಲೀಸ್ ಹತ್ತಿರ ಬಂದರೆ ಹೊಟ್ಟೆ ಉರಿ ಶುರು. ಟ್ರಾಫಿಕ್, ಟೆನ್ಷನ್, ಇದೇ ಅಲ್ಸರ್‌ಗೆ ಕಾರಣ.

ಜಯನಗರ_ವೈದ್ಯ · ಮಧ್ಯಾಹ್ನ 1:30

ಟೆನ್ಷನ್ ಇದ್ದರೆ ಹೊಟ್ಟೆ ಉರಿ ಜಾಸ್ತಿ ಅನಿಸುತ್ತದೆ, ಅದು ಸರಿ. ಖಾರವೂ ಹಾಗೇ, ಇರುವ ಹುಣ್ಣಿಗೆ ಚುರುಕು ಮುಟ್ಟಿಸುತ್ತದೆ. ಆದರೆ ಹುಣ್ಣು ಮಾಡುವುದು ಬಹುತೇಕ ಎರಡೇ. ಒಂದು ನೋವಿನ ಮಾತ್ರೆ. ಇನ್ನೊಂದು ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ.

ಜಠರದ ಆಮ್ಲದಲ್ಲಿ ಯಾವ ಕ್ರಿಮಿಯೂ ಬದುಕುವುದಿಲ್ಲ ಎಂದು ಜಗತ್ತೇ ನಂಬಿತ್ತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಇದನ್ನು ಬೆಳೆಸಲು ನೋಡುತ್ತಿದ್ದರು, ಬೆಳೆಯುತ್ತಿರಲಿಲ್ಲ. ಎರಡು ದಿನ ನೋಡಿ ಪ್ಲೇಟ್ ಎಸೆಯುತ್ತಿದ್ದರು. 1982ರ ಈಸ್ಟರ್ ರಜೆಯಲ್ಲಿ ಪ್ಲೇಟ್‌ಗಳು ಲ್ಯಾಬಿನಲ್ಲೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿತ್ತು! ನಿಧಾನಕ್ಕೆ ಬೆಳೆಯುವ ಜಾತಿ ಅದು. ಆಮೇಲೂ ಯಾರೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಕೆಲವೇ ದಿನದಲ್ಲಿ ವಾಂತಿ, ಜಠರದಲ್ಲಿ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನಮ್ಮ ದೇಶದಲ್ಲಿ ಇದು ಚಿಕ್ಕ ವಯಸ್ಸಿನಲ್ಲೇ ಹೊಟ್ಟೆ ಸೇರುತ್ತದೆ. ಇರುವವರಲ್ಲಿ ಹೆಚ್ಚಿನವರಿಗೆ ಹುಣ್ಣು ಆಗುವುದಿಲ್ಲ. ಆದರೆ ಹುಣ್ಣು ಆದವರಲ್ಲಿ ಇದನ್ನು ಹುಡುಕಿ ಓಡಿಸದಿದ್ದರೆ ಹುಣ್ಣು ಮಾಗಿ ಮತ್ತೆ ಬರುತ್ತದೆ. ಮತ್ತೆ ಮತ್ತೆ ಬರುತ್ತದೆ. ಜಠರದ ಕ್ಯಾನ್ಸರ್‌ಗೂ ಇದಕ್ಕೂ ನಂಟಿದೆ. 1994ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿದೆ.

ರಾಗಿಗಂಜಿ · ಮಧ್ಯಾಹ್ನ 2:10

ನಮ್ಮ ತಾತನ ಕಾಲದಲ್ಲಿ ಬ್ಯಾಕ್ಟೀರಿಯಾ ಇರಲಿಲ್ವಾ? ರಾಗಿ ತಿನ್ನುವವರೆಗೂ ಯಾರಿಗೂ ಅಲ್ಸರ್ ಇರಲಿಲ್ಲ. ಪಾಲಿಶ್ ಅಕ್ಕಿ ಬಂತು, ಕಾಯಿಲೆ ಬಂತು.

ಮೈಸೂರು_ಅಜ್ಜ · ಮಧ್ಯಾಹ್ನ 3:45

ಈಗ ಮಗನ ಜೊತೆ ಬನಶಂಕರಿಯಲ್ಲಿದ್ದೇನೆ, ಹುಟ್ಟಿ ಬೆಳೆದದ್ದು ಮೈಸೂರು. ವಯಸ್ಸು 77. ತಾತನ ಕಾಲದಲ್ಲಿ ಅಲ್ಸರ್ ಇರಲಿಲ್ಲ ಎನ್ನುವವರಿಗೆ ನನ್ನ ಹೊಟ್ಟೆಯ ಮೇಲಿನ ಹೊಲಿಗೆ ತೋರಿಸಬೇಕು.

1974. ನನಗೆ 20 ದಾಟಿ ಕೆಲವು ವರ್ಷ. ಆರು ವರ್ಷ ಈ ಹಸಿವಿನ ನೋವು ತಿಂದಿದ್ದೆ. ಜೇಬಿನಲ್ಲಿ ಸದಾ ಹುರಿಗಡಲೆ ಇಟ್ಟುಕೊಂಡು ಓಡಾಡುತ್ತಿದ್ದೆ. ಆಮೇಲೆ ನೋವು ಹೋಗಿ ವಾಂತಿ ಶುರುವಾಯಿತು. ಸಾಯಂಕಾಲ ವಾಂತಿ ಮಾಡಿದರೆ ಹಿಂದಿನ ದಿನ ತಿಂದ ಹುರುಳಿಕಾಳು ಹಾಗೇ ಕಾಣುತ್ತಿತ್ತು. ಡಾಕ್ಟರು ನನ್ನನ್ನು ಮಲಗಿಸಿ ಸೊಂಟ ಹಿಡಿದು ಅಲುಗಾಡಿಸಿದರು. ಅರ್ಧ ತುಂಬಿದ ಬಿಂದಿಗೆಯಲ್ಲಿ ನೀರು ಕುಲುಕಿದ ಹಾಗೆ ಸದ್ದು ಬಂತು. ಹುಣ್ಣು ಆಗಿ ಮಾಗಿ, ಆಗಿ ಮಾಗಿ, ಜಠರದ ಬಾಗಿಲೇ ಕಿರಿದಾಗಿತ್ತು. ಊಟ ಕೆಳಗೆ ಇಳಿಯುತ್ತಿರಲಿಲ್ಲ. ಆಪರೇಷನ್ ಮಾಡಿ ಆಮ್ಲ ಸುರಿಸುವ ನರ ಕತ್ತರಿಸಿದರು, ಜಠರವನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸಿದರು. ವಾರ್ಡಿನಲ್ಲಿ ನನ್ನ ಅಕ್ಕಪಕ್ಕದ ಇಬ್ಬರಿಗೂ ಅದೇ ಆಪರೇಷನ್. ಅಷ್ಟು ಸಾಮಾನ್ಯ ಆಗ.

ರಾಗಿ ಮಾತು ಪೂರ್ತಿ ತಳ್ಳಿಹಾಕಬೇಡಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವು ಮಿಷನ್ ಆಸ್ಪತ್ರೆ ಎನ್ನುತ್ತಿದ್ದೆವು, ಅಲ್ಲಿ 1950–60ರ ದಶಕದಲ್ಲಿ ಫ್ರಾಂಕ್ ಟೋವಿ ಎಂಬ ಸರ್ಜನ್ ಇದ್ದರು. ಭಾರತದಲ್ಲಿ ಅಕ್ಕಿ ತಿನ್ನುವ ದಕ್ಷಿಣದ ಕಡೆ ಡುಯೋಡಿನಲ್ ಅಲ್ಸರ್ ಯಾಕೆ ಜಾಸ್ತಿ, ಗೋಧಿ ತಿನ್ನುವ ಉತ್ತರದ ಕಡೆ ಯಾಕೆ ಕಮ್ಮಿ ಎಂದು ವರ್ಷಗಟ್ಟಲೆ ಹುಡುಕಿದವರು ಅವರು.

ರಾಗಿಗಂಜಿ · ಮಧ್ಯಾಹ್ನ 3:58

ನೋಡಿ, ನಾನು ಹೇಳಿದ್ದು ಅದೇ!

ಜಯನಗರ_ವೈದ್ಯ · ಸಂಜೆ 6:20

ಅಜ್ಜ, ಟೋವಿ ಹೆಸರು ನೆನಪಿಸಿದ್ದಕ್ಕೆ ಕೈಮುಗಿಯುತ್ತೇನೆ. ಉತ್ತರದಲ್ಲೂ ದಕ್ಷಿಣದಲ್ಲೂ ಬ್ಯಾಕ್ಟೀರಿಯಾ ಇದೆ, ಆದರೂ ಹುಣ್ಣಿನ ಪ್ರಮಾಣ ಬೇರೆ ಬೇರೆ ಇತ್ತು ಎನ್ನುವುದು ಅವರ ಪಾಯಿಂಟ್. ಆಹಾರಕ್ಕೆ ಒಂದು ಪಾತ್ರ ಇರಬಹುದು ಎಂದು ನಾನೂ ಒಪ್ಪುತ್ತೇನೆ. ಆದರೆ ರಾಗಿಗಂಜಿ ಅವರೇ, ಹುಣ್ಣು ಬರದಂತೆ ತಡೆಯುವುದು ಬೇರೆ, ಬಂದ ಹುಣ್ಣಿಗೆ ಚಿಕಿತ್ಸೆ ಬೇರೆ. ಅಂಬಲಿ ಕುಡಿಯಲಿ, ಒಳ್ಳೆಯದೇ. ಅದರಿಂದ ಬ್ಯಾಕ್ಟೀರಿಯಾ ಹೋಗುವುದಿಲ್ಲ. ನಿಮ್ಮಣ್ಣನಿಗೆ ವಾಸಿ ಆಗಿದ್ದೂ ನಿಜ ಇರಬಹುದು. ಈ ಹುಣ್ಣು ತಾನಾಗೇ ಕೆಲವು ತಿಂಗಳು ಮಲಗುತ್ತದೆ, ಮತ್ತೆ ಏಳುತ್ತದೆ. ಆ 48 ದಿನದಲ್ಲಿ ಏನು ಕೊಟ್ಟರೂ ಅದಕ್ಕೇ ಹೆಸರು ಬರುತ್ತದೆ.

ರಾಗಿಗಂಜಿ · ಸಂಜೆ 6:45

ಅಣ್ಣನಿಗೆ ಹೋದ ದೀಪಾವಳಿಗೆ ಮತ್ತೆ ಬಂದಿತ್ತು, ಅದು ಸರಿ. ಪಟಾಕಿ ಹೊಗೆಗೆ ಎಂದುಕೊಂಡಿದ್ದೆವು. ಅವನಿಗೂ ತೋರಿಸಲು ಹೇಳುತ್ತೇನೆ. ಸಿಗರೇಟು ಬೇರೆ ಸೇದುತ್ತಾನೆ.

ಎಂಡೋಸ್ಕೋಪಿ_ಸಿಸ್ಟರ್ · ಸಂಜೆ 7:00

ಸಿಗರೇಟು ಇದ್ದರೆ ಹುಣ್ಣು ಮಾಗುವುದೂ ತಡ, ಮತ್ತೆ ಬರುವುದೂ ಬೇಗ. ಅದನ್ನು ಮೊದಲು ಬಿಡಿಸಿ.

ಯಲಹಂಕ_ಅಮ್ಮ · ರಾತ್ರಿ 8:15

ನನಗೂ ಒಂದೂವರೆ ವರ್ಷ ಗ್ಯಾಸ್ ಮಾತ್ರೆ ಕೊಟ್ಟರು. ಮದುವೆ ಊಟ, ಹೋಳಿಗೆ ತುಪ್ಪ ತಿಂದ ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಂಡುತ್ತಿತ್ತು, ಬಲ ಭುಜದವರೆಗೂ ಬರುತ್ತಿತ್ತು. ಕೊನೆಗೆ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದ ತುಂಬಾ ಕಲ್ಲು. ಎಂಡೋಸ್ಕೋಪಿ ಮೊದಲೇ ಮಾಡಿಸಿದ್ದೆ, ಅದರಲ್ಲಿ ಏನೂ ಇರಲಿಲ್ಲ. ಹೊಟ್ಟೆಗೆ ಒಂದು ಸ್ಕ್ಯಾನ್ ಕೂಡ ಮಾಡಿಸಿ ಮಗಳೇ.

ಚಾಮರಾಜಪೇಟೆ_ಹುಡುಗ · ರಾತ್ರಿ 8:30

ಎಂಡೋಸ್ಕೋಪಿ, ಸ್ಕ್ಯಾನ್, ಇಸಿಜಿ. ಎಲ್ಲಾ ದುಡ್ಡು ಮಾಡೋ ದಾರಿ. ಬಾಡಿಗೆ ಕಾರು ಓಡಿಸುವವರು ಎಲ್ಲಿಂದ ತರಬೇಕು?

ಜಯನಗರ_ವೈದ್ಯ · ರಾತ್ರಿ 9:10

ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಎಲ್ಲರಿಗೂ ಎಲ್ಲವೂ ಬೇಡ, ಒಪ್ಪುತ್ತೇನೆ. ಚಿಕ್ಕ ವಯಸ್ಸು, ಅಪಾಯದ ಲಕ್ಷಣ ಯಾವುದೂ ಇಲ್ಲ ಎಂದರೆ ಮಲ ಪರೀಕ್ಷೆ ಅಥವಾ ಉಸಿರಿನ ಪರೀಕ್ಷೆಯಲ್ಲೇ ಎಚ್. ಪೈಲೋರಿ ನೋಡಿ ಚಿಕಿತ್ಸೆ ಕೊಡಬಹುದು. ಆದರೆ ತೂಕ ಇಳಿಯುವುದು, ನುಂಗಲು ಕಷ್ಟ, ರಕ್ತ ಕಮ್ಮಿ, ವಾಂತಿಯಲ್ಲಿ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ಮನೆಯಲ್ಲಿ ಯಾರಿಗಾದರೂ ಜಠರದ ಕ್ಯಾನ್ಸರ್. ಇದರಲ್ಲಿ ಒಂದಿದ್ದರೂ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ (ಎಂಡೋಸ್ಕೋಪಿ) ನೋಡಲೇಬೇಕು. ಇವರದ್ದು ಎರಡು ವರ್ಷದ ನೋವು, ವಾರಕ್ಕೆ ನಾಲ್ಕೈದು ನೋವಿನ ಮಾತ್ರೆ, ಮಲದ ಬಣ್ಣ ನೋಡಿಯೇ ಇಲ್ಲ. ನಾನಾದರೆ ಮಾಡಿಸುತ್ತೇನೆ. ಖರ್ಚಿನ ಚಿಂತೆ ಇದ್ದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋ ಸಂಸ್ಥೆ ಇದೆ.

ಎಂಡೋಸ್ಕೋಪಿ_ಸಿಸ್ಟರ್ · ರಾತ್ರಿ 9:35

ಭಯ ಪಡುವಂಥದ್ದೇನೂ ಇಲ್ಲ ಅಕ್ಕ. ರಾತ್ರಿ ಊಟ ಆದಮೇಲೆ ಏನೂ ತಿನ್ನಬಾರದು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತೇವೆ, ಸ್ವಲ್ಪ ಕಹಿ. ಎಡ ಮಗ್ಗುಲಿಗೆ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆಯಂಥದ್ದು ಇಡುತ್ತೇವೆ. ನಾನು ತಲೆ ಹತ್ತಿರ ನಿಂತು "ಮೂಗಿನಲ್ಲಿ ಉಸಿರಾಡಿ, ಜೊಲ್ಲು ನುಂಗಬೇಡಿ, ಹೊರಗೆ ಬಿಡಿ" ಎಂದು ಹೇಳುತ್ತಲೇ ಇರುತ್ತೇನೆ. ಐದರಿಂದ ಹತ್ತು ನಿಮಿಷ. ನಿದ್ದೆ ಇಂಜೆಕ್ಷನ್ ಕೊಟ್ಟರೆ ಅವತ್ತು ಕಾರು ಓಡಿಸುವ ಹಾಗಿಲ್ಲ. ಇದನ್ನು ಮರೆಯದೆ ಹೇಳಿ.

ವಿಜಯನಗರ_ಗೃಹಿಣಿ · ಹತ್ತು ದಿನಗಳ ನಂತರ

ಕೊನೆಗೂ ಒಪ್ಪಿದರು. ಅಜ್ಜನ ಬಿಂದಿಗೆ ಸದ್ದಿನ ಕಥೆ ಓದಿ ಹೇಳಿದ ಮೇಲೆ ಒಪ್ಪಿದ್ದು. ಸ್ಕ್ಯಾನ್ ನಾರ್ಮಲ್, ಕಲ್ಲು ಇಲ್ಲ. ಎಂಡೋಸ್ಕೋಪಿ ವರದಿಯಲ್ಲಿ ಹೀಗಿದೆ: ಡುಯೋಡಿನಲ್ ಬಲ್ಬ್, ಮುಂಭಾಗದ ಗೋಡೆ, 8 ಮಿ.ಮೀ. ಹುಣ್ಣು, ಫಾರೆಸ್ಟ್ 3, ಆರ್‌ಯುಟಿ (ಬ್ಯಾಕ್ಟೀರಿಯಾ ಪರೀಕ್ಷೆ) ನೆಗೆಟಿವ್. ಹಾಗಾದರೆ ಬ್ಯಾಕ್ಟೀರಿಯಾ ಇಲ್ಲ, ಬರೀ ಮಾತ್ರೆಯಿಂದಲೇ ಆಗಿದ್ದು ಅಂತಲಾ? ಕ್ಯಾನ್ಸರ್ ಭಯ ಇದೆಯಾ?

ಜಯನಗರ_ವೈದ್ಯ · ಅದೇ ದಿನ

ಡುಯೋಡಿನಮ್ ಹುಣ್ಣು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಜಠರದ ಹುಣ್ಣಾಗಿದ್ದರೆ ಮಾತ್ರ ಚೂರು ತೆಗೆದು ಪರೀಕ್ಷಿಸಿ, ಮಾಗಿದೆಯಾ ಎಂದು ಮತ್ತೆ ಕ್ಯಾಮೆರಾ ಬಿಡುತ್ತೇವೆ. ಫಾರೆಸ್ಟ್ 3 ಎಂದರೆ ಹುಣ್ಣಿನ ತಳ ಸ್ವಚ್ಛ, ರಕ್ತ ಸೋರುವ ಭಯ ಕಮ್ಮಿ. ಒಳ್ಳೆಯ ಸುದ್ದಿ. ಮುಂಭಾಗದ ಗೋಡೆಯ ಹುಣ್ಣು ತೂತಾಗಬಹುದು, ಹಿಂಭಾಗದ್ದು ದೊಡ್ಡ ರಕ್ತನಾಳದ ಹತ್ತಿರ ಇರುವುದರಿಂದ ರಕ್ತ ಸುರಿಸಬಹುದು. ಹಾಗಾಗಿ ಇದ್ದಕ್ಕಿದ್ದಂತೆ ಚಾಕು ಹಾಕಿದಂಥ ನೋವು ಬಂದು ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ ಒಂದು ನಿಮಿಷವೂ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ.

ಆರ್‌ಯುಟಿ ವಿಷಯ ಮುಖ್ಯ. ಪರೀಕ್ಷೆಯ ಹಿಂದಿನ ದಿನದವರೆಗೂ ಪ್ಯಾಂಟೊಪ್ರಜೋಲ್ ತಗೊಂಡಿದ್ದರಾ?

ವಿಜಯನಗರ_ಗೃಹಿಣಿ · ಅದೇ ದಿನ

ಹೌದು ಸರ್. ಹಿಂದಿನ ರಾತ್ರಿಯೂ ತಗೊಂಡಿದ್ದರು. ನಿಲ್ಲಿಸಬೇಕು ಅಂತ ಯಾರೂ ಹೇಳಲಿಲ್ಲ.

ಎಂಡೋಸ್ಕೋಪಿ_ಸಿಸ್ಟರ್ · ಅದೇ ದಿನ

ಅಯ್ಯೋ, ನಾನೇ ಹೇಳಬೇಕಿತ್ತು ಅಕ್ಕ. ಆ ಪರೀಕ್ಷೆ ಹೇಗೆ ಎಂದರೆ, ಜಠರದಿಂದ ಕಾಳಿನಷ್ಟು ಚೂರು ತೆಗೆದು ಹಳದಿ ಜೆಲ್ಲಿನಲ್ಲಿ ಇಡುತ್ತೇವೆ. ಬ್ಯಾಕ್ಟೀರಿಯಾ ಇದ್ದರೆ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪ್ಯಾಂಟೊಪ್ರಜೋಲ್ ತಗೊಂಡಿದ್ದರೆ ಬ್ಯಾಕ್ಟೀರಿಯಾ ಕಮ್ಮಿ ಆಗಿ ಸಿಕ್ಕಿಬೀಳುವುದಿಲ್ಲ. ಇದ್ದರೂ ಇಲ್ಲ ಅಂತ ಬರುತ್ತದೆ.

ಜಯನಗರ_ವೈದ್ಯ · ಅದೇ ದಿನ

ಪರೀಕ್ಷೆಗೆ ಮೊದಲು ಆ ಗುಂಪಿನ ಮಾತ್ರೆ 2 ವಾರ, ಆಂಟಿಬಯೋಟಿಕ್ 4 ವಾರ ನಿಂತಿರಬೇಕು. ಈಗ ಹುಣ್ಣು ಮಾಗಲು ಮಾತ್ರೆ ಬೇಕೇಬೇಕು. ಅದು ಮುಗಿದ ಮೇಲೆ 2 ವಾರ ಬಿಟ್ಟು ಮಲದ ಆಂಟಿಜೆನ್ ಪರೀಕ್ಷೆ ಮಾಡಿಸಲು ನಿಮ್ಮ ಡಾಕ್ಟರನ್ನು ಕೇಳಿ. ಆ 2 ವಾರ ಉರಿ ಬಂದರೆ ಆಂಟಾಸಿಡ್ ಸಿರಪ್ ಕುಡಿಯಬಹುದು. ರಕ್ತದಲ್ಲಿ ನೋಡುವ ಆಂಟಿಬಾಡಿ ಪರೀಕ್ಷೆ ಬೇಡ. ಹಿಂದೆ ಯಾವಾಗಲೋ ಇದ್ದದ್ದಾ, ಈಗ ಇರುವುದಾ ಎಂದು ಅದರಲ್ಲಿ ಗೊತ್ತಾಗುವುದಿಲ್ಲ.

ಮಾತ್ರೆ ತಗೊಳ್ಳುವ ಹೊತ್ತೂ ಮುಖ್ಯ. ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು, ದಿನಾ. ನೋವು ಬಂದಾಗ ಒಂದು ನುಂಗುವ ಮಾತ್ರೆ ಅಲ್ಲ ಅದು.

ಕೋರಮಂಗಲ_ಟೆಕ್ಕಿ · ಮರುದಿನ

ನಾನು ಮೂರು ವರ್ಷದಿಂದ ತಿಂಡಿ ಆದಮೇಲೆ ತಗೊಳ್ತಿದ್ದೆ! ಡಾಕ್ಟರನ್ನು ಕೇಳದೇ ಇಷ್ಟು ವರ್ಷ ತಗೊಂಡರೆ ತೊಂದರೆ ಇದೆಯಾ?

ಮೆಡಿಕಲ್_ಶಾಪ್_ಮಲ್ಲೇಶ್ವರ · ಮರುದಿನ

ವರ್ಷಗಟ್ಟಲೆ ತಗೊಂಡರೆ ಬಿ12, ಮೆಗ್ನೀಷಿಯಂ ಕಮ್ಮಿ ಆಗಬಹುದು ಸರ್. ಹಾಗೆಂದು ಇವತ್ತೇ ಪೂರ್ತಿ ಬಿಟ್ಟರೆ ಕೆಲವು ದಿನ ಆಮ್ಲ ಉಕ್ಕಿ ಉರಿ ಜಾಸ್ತಿ ಆಗುತ್ತೆ. ಡಾಕ್ಟರ್ ಹೇಳಿದ ಹಾಗೆ ನಿಧಾನಕ್ಕೆ ಇಳಿಸಿ.

ವಿಜಯನಗರ_ಗೃಹಿಣಿ · ಎರಡು ತಿಂಗಳ ನಂತರ

ಮಲ ಪರೀಕ್ಷೆ ಪಾಸಿಟಿವ್ ಬಂತು! ನೀವು ಹೇಳದೇ ಇದ್ದರೆ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆವು. ಈಗ 14 ದಿನದ ಕೋರ್ಸ್: ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್, ಜೊತೆಗೆ ಆಮ್ಲ ಇಳಿಸುವ ಮಾತ್ರೆ. ಇವತ್ತು ನಾಲ್ಕನೇ ದಿನ. ಬಾಯೆಲ್ಲ ತಾಮ್ರದ ಚೊಂಬು ನೆಕ್ಕಿದ ಹಾಗೆ ಅಂತಾರೆ. ಬೆಳಗ್ಗೆ ಟಾಯ್ಲೆಟ್‌ಗೆ ಕಪ್ಪಗೆ ಹೋಗಿದೆ, ನಾಲಿಗೆಯೂ ಕಪ್ಪು. ಹನುಮಂತನಗರದವರ ಅತ್ತೆ ಕಥೆ ನೆನಪಾಗಿ ಕೈಕಾಲು ನಡುಗುತ್ತಿದೆ. ದಯವಿಟ್ಟು ಬೇಗ ಹೇಳಿ.

ಎಂಡೋಸ್ಕೋಪಿ_ಸಿಸ್ಟರ್ · 6 ನಿಮಿಷದ ನಂತರ

ನಾಲಿಗೆಯೂ ಕಪ್ಪಾಗಿದೆ ಎಂದರೆ ಬಿಸ್ಮತ್‌ನಿಂದಲೇ ಇರಬೇಕು. ಅಂಟು ಇದೆಯಾ, ಕೆಟ್ಟ ವಾಸನೆ ಇದೆಯಾ, ತಲೆ ಸುತ್ತು, ಸುಸ್ತು ಇದೆಯಾ ನೋಡಿ. ಇದ್ದರೆ ಈಗಲೇ ಹೊರಡಿ. ಇಲ್ಲದಿದ್ದರೂ ನಿಮ್ಮ ಡಾಕ್ಟರಿಗೆ ಒಂದು ಫೋನ್ ಮಾಡಿ.

ವಿಜಯನಗರ_ಗೃಹಿಣಿ · ಅರ್ಧ ಗಂಟೆ ನಂತರ

ಏನೂ ಇಲ್ಲ. ಡಾಕ್ಟರೂ ಅದೇ ಹೇಳಿದರು. ಹಿಮೋಗ್ಲೋಬಿನ್ ಹೋದ ವಾರ 14 ಇತ್ತು. ಈಗ ಸಮಾಧಾನ.

ಮೆಡಿಕಲ್_ಶಾಪ್_ಮಲ್ಲೇಶ್ವರ · ಅದೇ ದಿನ

ಮೇಡಂ, ರಾತ್ರಿ ಹಾಲಿನ ಅಭ್ಯಾಸ ಇನ್ನೂ ಇದೆಯಾ? ಟೆಟ್ರಾಸೈಕ್ಲಿನ್ ಜೊತೆ ಹಾಲು, ಮೊಸರು ಬೇಡ. ಕ್ಯಾಲ್ಸಿಯಂ ಆ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತೆ, ರಕ್ತಕ್ಕೆ ಸೇರಲ್ಲ. ಎರಡು ಗಂಟೆ ಅಂತರ ಇರಲಿ. ಮೆಟ್ರೋನಿಡಜೋಲ್ ಇರುವಾಗ ಮದ್ಯ ಬೇಡವೇ ಬೇಡ. ಬಾಯಿ ರುಚಿ ಕೆಟ್ಟಿತು ಎಂದು ಎಂಟನೇ ದಿನ ನಿಲ್ಲಿಸುವವರನ್ನು ತುಂಬಾ ನೋಡಿದ್ದೇನೆ. ಅರ್ಧಕ್ಕೆ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗಲ್ಲ. 14 ಎಂದರೆ 14.

ಮೈಸೂರು_ಅಜ್ಜ · ಅದೇ ದಿನ

14 ದಿನದ ಮಾತ್ರೆ! ನಮಗೆ ಹೊಟ್ಟೆ ಕೊಯ್ದರು. ನಿನ್ನ ಯಜಮಾನರಿಗೆ ಹೇಳು ಮಗಳೇ, ತಾಮ್ರದ ರುಚಿ ತಡೆದುಕೊಳ್ಳಲಿ.

ವಿಜಯನಗರ_ಗೃಹಿಣಿ · ಏಳು ವಾರಗಳ ನಂತರ

ಕೋರ್ಸ್ ಮುಗಿದು ಐದು ವಾರ ಆದಮೇಲೆ ಮತ್ತೆ ಮಲ ಪರೀಕ್ಷೆ ಮಾಡಿಸಿದೆವು. ಎಲ್ಲಾ ಮಾತ್ರೆ ನಿಲ್ಲಿಸಿಯೇ ಮಾಡಿಸಿದ್ದು. ನೆಗೆಟಿವ್! ಬಿಸ್ಕೆಟ್ ಪ್ಯಾಕೆಟ್ ತಂದು ಮೂರು ವಾರ ಆಯಿತು, ಇನ್ನೂ ಒಡೆದಿಲ್ಲ. ಸೊಂಟನೋವಿಗೆ ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾರೆ, ಸೀಟಿಗೆ ದಿಂಬು ಇಟ್ಟುಕೊಂಡಿದ್ದಾರೆ. ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕಾ? 12 ಮತ್ತು 9 ವರ್ಷ, ಯಾವ ತೊಂದರೆಯೂ ಇಲ್ಲ.

ಜಯನಗರ_ವೈದ್ಯ · ಅದೇ ದಿನ

ತುಂಬಾ ಸಂತೋಷ ಆಯಿತು. ತೊಂದರೆ ಇಲ್ಲದ ಮಕ್ಕಳಿಗೆ ಸದ್ಯ ಬೇಡ. ನಿಮಗೆ ಹೊಟ್ಟೆ ತೊಂದರೆ ಇದ್ದರೆ ನೀವು ಮಾಡಿಸಿ.

ರಾಗಿಗಂಜಿ · ಅದೇ ದಿನ

ಅಣ್ಣನಿಗೆ ನಾಳೆ ಎಂಡೋಸ್ಕೋಪಿ ಇದೆ. ಎರಡು ವಾರದಿಂದ ಪ್ಯಾಂಟೊಪ್ರಜೋಲ್ ನಿಲ್ಲಿಸಿದ್ದಾನೆ. ಸಿಸ್ಟರ್, ಬೆಳಗ್ಗೆ ಬರೀ ನೀರು ಕುಡಿಯಬಹುದಾ?

ಎಂಡೋಸ್ಕೋಪಿ_ಸಿಸ್ಟರ್ · ಅದೇ ದಿನ

ಹೊರಡುವ ಎರಡು ಗಂಟೆ ಮೊದಲಿನವರೆಗೆ ಸಾಮಾನ್ಯವಾಗಿ ಒಂದೆರಡು ಗುಟುಕು ನಡೆಯುತ್ತದೆ. ಆದರೂ ಅವರು ಹೋಗುವ ಆಸ್ಪತ್ರೆಗೆ ಈಗಲೇ ಫೋನ್ ಮಾಡಿ ಕೇಳಿ. ಅಂಬಲಿ ಮಾತ್ರ ಬೇಡ ಅಣ್ಣ, ಕ್ಯಾಮೆರಾಗೆ ಏನೂ ಕಾಣುವುದಿಲ್ಲ.